ತೊಳೆದಿಟ್ಟ ಫಿಲ್ಟರು

"ಬಿಡಿ ಎಷ್ಟು ಉಂಟು?"

ಗುರುವಾರ ಬೆಳಿಗ್ಗೆ ಉಡುಪಿಯ ಆಸ್ಪತ್ರೆಯಿಂದ ಕ್ಯಾನ್ಸರ್ ವಿಭಾಗದ ಹಿರಿಯ ಡಾಕ್ಟರು ಫೋನ್ ಮಾಡಿ ಕೇಳಿದ್ದು ಇಷ್ಟೇ. ನಮಸ್ಕಾರ ಇಲ್ಲ, ಕ್ಷೇಮ ಸಮಾಚಾರ ಇಲ್ಲ. ಅವರ ಧ್ವನಿ ಕೇಳಿದ ಕೂಡಲೇ ಯಾವ ರೋಗಿಯ ವಿಷಯ ಎಂದು ನನಗೆ ಗೊತ್ತಾಯಿತು. ನಮ್ಮ ಅಧ್ಯಯನದ ಪಟ್ಟಿಯಲ್ಲಿ ಅವರಿಗೆ ಹೆಸರಿಲ್ಲ, ಹನ್ನೊಂದು ಎಂಬ ಸಂಖ್ಯೆ ಮಾತ್ರ.

ಮಣಿಪಾಲದ ಇಳಿಜಾರಿನಲ್ಲಿ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಲ್ಯಾಬು. ಕೀಮೋಥೆರಪಿಯ ಔಷಧ ರಕ್ತಕ್ಕೆ ಸೇರಿದ ಮೇಲೆ ಅದರಲ್ಲಿ ಎಷ್ಟು ಪಾಲು ರಕ್ತದ ಪ್ರೋಟೀನುಗಳಿಗೆ ಅಂಟಿಕೊಂಡಿದೆ, ಎಷ್ಟು ಪಾಲು ಬಿಡಿಯಾಗಿ ತಿರುಗಾಡುತ್ತಿದೆ ಎಂದು ಅಳೆಯುವುದು ಆ ಎರಡು ವರ್ಷ ನನ್ನ ಕೆಲಸವಾಗಿತ್ತು. ಔಷಧದ ಹೆಸರು ಎಟೊಪೊಸೈಡ್. ಅದರ ಬಹುಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡೇ ಇರುತ್ತದೆ. ಅಂಟಿದ್ದು ಏನೂ ಮಾಡುವುದಿಲ್ಲ. ಗಡ್ಡೆಯನ್ನು ಕೊಲ್ಲುವುದೂ, ಜೊತೆಗೆ ರಕ್ತಕಣ ಹುಟ್ಟುವ ಎಲುಬಿನ ಮಜ್ಜೆಯನ್ನು ಸುಡುವುದೂ ಆ ಬಿಡಿ ಪಾಲು ಮಾತ್ರ. ಸಾಮಾನ್ಯವಾಗಿ ನಮಗೆ ಸಿಗುತ್ತಿದ್ದದ್ದು ನೂರಕ್ಕೆ ನಾಲ್ಕೈದು.

ಹನ್ನೊಂದನೆಯವರ ಪರಿಚಯ ನನಗಾದದ್ದು ಅವರ ಮೊದಲ ಕೋರ್ಸಿನಲ್ಲಿ. ರಕ್ತ ತೆಗೆಯುವ ಹೊತ್ತು ನರ್ಸುಗಳ ಕೈಯಲ್ಲಿ ಹತ್ತು ನಿಮಿಷ ಹಿಂದೆ ಮುಂದೆ ಆಗುತ್ತದೆ ಎಂಬ ಅನುಮಾನ ನನಗೆ ಯಾವಾಗಲೂ ಇತ್ತು. ಹಾಗಾಗಿ ಐಸ್ ಪೆಟ್ಟಿಗೆ ಹಿಡಿದುಕೊಂಡು ನಾನೇ ವಾರ್ಡಿನಲ್ಲಿ ನಿಲ್ಲುತ್ತಿದ್ದೆ. ಮಂಚದ ಮೇಲಿದ್ದವರು ನನ್ನನ್ನು ನೋಡಿ ನಕ್ಕರು.

"ಮೇಡಂ, ನೀವು ಏಳೂಕಾಲರ ಬಸ್ಸಿನವರಲ್ವಾ? ಕಾರ್ಕಳದಲ್ಲಿ ಹತ್ತಿ ಮಣಿಪಾಲದಲ್ಲಿ ಇಳಿಯುವವರು. ಎರಡನೇ ಸೀಟು, ಕಿಟಕಿ ಹತ್ತಿರ."

ನನ್ನ ಬಸ್ಸಿನ ಕಂಡಕ್ಟರು! ಖಾಕಿ ಅಂಗಿ ಇಲ್ಲದೆ ನನಗೆ ಗುರುತೇ ಸಿಕ್ಕಿರಲಿಲ್ಲ. ಮೂವತ್ತು ದಾಟಿರದ ಮನುಷ್ಯ, ಕಾಪುವಿನವರು. "ನೀವೆಂತ ಇಲ್ಲಿ?" ಎಂದು ಕೇಳಿಬಿಟ್ಟು ನಾಲಗೆ ಕಚ್ಚಿಕೊಂಡೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ. ವೃಷಣದ ಗಡ್ಡೆ, ಆಪರೇಷನ್ ಆಗಿದೆ, ಹೊಟ್ಟೆಯೊಳಗಿನ ಗ್ರಂಥಿಗಳಿಗೆ ಹರಡಿದೆ, ಮೂರು ವಾರಕ್ಕೊಮ್ಮೆ ಐದೈದು ದಿನದಂತೆ ನಾಲ್ಕು ಕೋರ್ಸು ಕೊಡುತ್ತಾರಂತೆ ಎಂದು ಸ್ಟಾಪುಗಳ ಹೆಸರು ಹೇಳುವ ಹಾಗೆ ಒಂದೇ ಉಸಿರಿಗೆ ಹೇಳಿದರು. ಆಮೇಲೆ ಪೆಟ್ಟಿಗೆ ಕಡೆ ಕೈ ತೋರಿಸಿ, "ನನ್ನ ರಕ್ತ ಕೊಂಡುಹೋಗಿ ಎಂತ ಮಾಡ್ತೀರಿ?" ಎಂದರು.

ನಾನು ಔಷಧವನ್ನು ಅವರದೇ ಬಸ್ಸಿಗೆ ಹತ್ತಿಸಿ ವಿವರಿಸಿದೆ. ಔಷಧದವರೆಲ್ಲ ಬಸ್ಸು ಹತ್ತುತ್ತಾರೆ, ಹೆಚ್ಚಿನವರು ಸೀಟಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತಾರೆ, ಕೂತವರು ಕೂತಷ್ಟು ಹೊತ್ತು ಇಳಿದು ಕೆಲಸ ಮಾಡುವ ಹಾಗಿಲ್ಲ ಎಂದೆ.

"ಹಾಗಾದ್ರೆ ನಿಮಗೆ ಬಾಗಿಲ ಹತ್ತಿರ ನಿಂತವರ ಲೆಕ್ಕ ಬೇಕು," ಎಂದರು ಅವರು. "ಸೀಟು ಕಡಿಮೆ ಇದ್ರೆ ನಿಂತವರು ಜಾಸ್ತಿ. ಅಷ್ಟೇ ಅಲ್ವಾ?"

ಅಷ್ಟೇ. ನಾನು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಎರಡು ಪಾಠದಲ್ಲಿ ಹೇಳುವುದನ್ನು ಅವರು ಎರಡು ವಾಕ್ಯದಲ್ಲಿ ಮುಗಿಸಿದ್ದರು. ಅವರಲ್ಲಿ ಸೀಟು ಕಡಿಮೆಯೇ ಇತ್ತು. ಆಪರೇಷನ್ ಆದಮೇಲೆ ಆಲ್ಬುಮಿನ್ ಇಳಿದಿತ್ತು. ನಮ್ಮ ಅಧ್ಯಯನಕ್ಕೆ ಅವರನ್ನು ಸೇರಿಸಿಕೊಂಡದ್ದೂ ಅದಕ್ಕೇ.

ಮೊದಲ ಕೋರ್ಸು ಮುಗಿದು ಮನೆಗೆ ಹೋದವರಿಗೆ ಎರಡನೇ ವಾರದಲ್ಲಿ ಜ್ವರ ಬಂತು. ಬಿಳಿ ರಕ್ತಕಣ ನೆಲ ಕಚ್ಚಿತ್ತು. ಮತ್ತೆ ಆಸ್ಪತ್ರೆಗೆ ಸೇರಿ, ಒಂದು ವಾರ ಜೀವ ಕೈಯಲ್ಲಿ ಹಿಡಿದುಕೊಂಡಿದ್ದು ಚೇತರಿಸಿಕೊಂಡರು. ಎರಡನೇ ಕೋರ್ಸು ಮುಂದಿನ ಸೋಮವಾರ ಆರಂಭವಾಗಬೇಕಿತ್ತು. ಡಾಕ್ಟರು ಫೋನ್ ಮಾಡಿದ್ದು ಆ ಗುರುವಾರ.

"ಈ ಕಾಯಿಲೆಯಲ್ಲಿ ಡೋಸು ಇಳಿಸಲು ನನಗೆ ಮನಸ್ಸಿಲ್ಲ," ಎಂದರು ಅವರು. "ಇದು ಗುಣವಾಗುವ ಕಾಯಿಲೆ. ಪೂರ್ತಿ ಡೋಸು, ಸರಿಯಾದ ಹೊತ್ತಿಗೆ ಹೋಗಬೇಕು. ಆದರೆ ಇನ್ನೊಮ್ಮೆ ಹೀಗಾದ್ರೆ ಅವನು ಉಳಿಯೋದಿಲ್ಲ. ನಿಮ್ಮ ಬಿಡಿ ನಂಬರು ನಿಜವಾಗಿ ತುಂಬ ಜಾಸ್ತಿ ಉಂಟಾದ್ರೆ ಇಳಿಸ್ತೇನೆ. ಇಲ್ಲಾದ್ರೆ ಇಳಿಸುವುದಿಲ್ಲ."

ನಮ್ಮ ಫಲಿತಾಂಶ ಸಂಶೋಧನೆಗಾಗಿ. ಆದರೆ ಚಿಕಿತ್ಸೆ ಮಾಡುವ ಡಾಕ್ಟರು ಕೇಳಿದರೆ ತಿಳಿಸಬಹುದೆಂದು ನೈತಿಕ ಸಮಿತಿ ಒಪ್ಪಿದ ನಿಯಮದಲ್ಲಿತ್ತು. ಶುಕ್ರವಾರ, ಮೊದಲ ಕೋರ್ಸಿನ ರಕ್ತದಿಂದ ಬೇರ್ಪಡಿಸಿಟ್ಟಿದ್ದ ಪ್ಲಾಸ್ಮಾವನ್ನು ಫ್ರೀಜರಿನಿಂದ ತೆಗೆದೆ.

ಕ್ರಮ ಹೀಗೆ. ಪ್ಲಾಸ್ಮಾವನ್ನು ಕರಗಿಸಿ, ದೇಹದ ಬಿಸಿಗೆ ತಂದು, ಆಮ್ಲ ಕ್ಷಾರದ ಮಟ್ಟ ರಕ್ತದ ಹಾಗೇ ಇರುವಂತೆ ಸ್ವಲ್ಪ ಹೊತ್ತು ಇಂಗಾಲಾಮ್ಲದ ಪೆಟ್ಟಿಗೆಯಲ್ಲಿಡಬೇಕು. ಆಮೇಲೆ ಹೆಬ್ಬೆರಳಿನಷ್ಟು ದೊಡ್ಡ ಫಿಲ್ಟರ್ ಕೊಳವೆಗೆ ಹಾಕಿ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಬೇಕು. ಕೊಳವೆಯ ತಳದಲ್ಲಿ ತೆಳು ಪೊರೆ ಇದೆ. ಪ್ರೋಟೀನು ದೊಡ್ಡದು, ಅದೂ ಅದಕ್ಕೆ ಅಂಟಿದ ಔಷಧವೂ ಮೇಲೆಯೇ ಉಳಿಯುತ್ತದೆ. ಬಿಡಿ ಔಷಧ ಮಾತ್ರ ನೀರಿನೊಂದಿಗೆ ಕೆಳಗಿಳಿಯುತ್ತದೆ. ಇಳಿದ ಆ ನಾಲ್ಕಾರು ಹನಿಯನ್ನು ಯಂತ್ರಕ್ಕೆ ಕೊಟ್ಟರೆ ಬಿಡಿ ಎಷ್ಟೆಂದು ಹೇಳುತ್ತದೆ. ಪ್ರತಿ ಮಾದರಿಗೂ ಎರಡು ಫಿಲ್ಟರು, ಎರಡು ಅಳತೆ. ಎರಡರ ನಡುವೆ ವ್ಯತ್ಯಾಸ ಹೆಚ್ಚಿದ್ದರೆ ಮತ್ತೆ ಮಾಡಬೇಕು. ಪೊರೆ ಸೋರಿಲ್ಲ ಎಂದು ಖಾತ್ರಿಪಡಿಸಲು ಒಂದು ಹನಿಗೆ ಬಣ್ಣದ ದ್ರಾವಣ ಹಾಕಿ ನೋಡಬೇಕು. ಪ್ರೋಟೀನು ಇದ್ದರೆ ಕಂದು ಬಣ್ಣ ನೀಲಿಯಾಗುತ್ತದೆ. ಈ ನಿಯಮಗಳನ್ನೆಲ್ಲ ಬರೆದವಳು ನಾನೇ.

ಹನ್ನೊಂದನೆಯವರ ಎರಡು ಅಳತೆ ಬಂದವು. ಒಂದು ನೂರಕ್ಕೆ ಹನ್ನೆರಡು, ಇನ್ನೊಂದು ಹದಿನೆಂಟು.

ಮತ್ತೆ ಮಾಡಬೇಕಿತ್ತು. ನಾನು ಮಾಡಲಿಲ್ಲ. ಪ್ಲಾಸ್ಮಾ ಉಳಿದದ್ದು ಸ್ವಲ್ಪ, ಡಾಕ್ಟರು ಕಾಯುತ್ತಿದ್ದರು ಎಂಬುದೆಲ್ಲ ನೆಪ. ನಿಜವಾದ ಕಾರಣ ಬೇರೆ. ಆಲ್ಬುಮಿನ್ ಕಡಿಮೆ ಇದ್ದವರಲ್ಲಿ ಬಿಡಿ ಪಾಲು ತುಂಬ ಏರುತ್ತದೆ ಎಂದು ನಾನು ಎರಡು ವರ್ಷದಿಂದ ಹೇಳುತ್ತ ಬಂದಿದ್ದೆ, ಮತ್ತು ಈ ನಂಬರು ನನ್ನ ಮಾತಿಗೆ ಸಾಕ್ಷಿ ಹೇಳಲು ತಾನಾಗಿ ಎದ್ದು ಬಂದಂತಿತ್ತು. ಬಣ್ಣದ ಪರೀಕ್ಷೆಯನ್ನು ತಿಂಗಳುಗಳಿಂದ ನಾನು ಬಿಟ್ಟೇಬಿಟ್ಟಿದ್ದೆ. ಯಾವತ್ತೂ ನೀಲಿಯಾಗದ ದ್ರಾವಣವನ್ನು ದಿನಾ ಯಾರು ನೋಡುತ್ತಾರೆ? ಎರಡರ ಸರಾಸರಿ ತೆಗೆದು ಹದಿನೈದು ಎಂದು ಬರೆದು ಶನಿವಾರ ಕಳಿಸಿದೆ. ಒಳಗೊಳಗೇ ಖುಷಿಯೂ ಆಗಿತ್ತು. ಅದನ್ನು ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಸೋಮವಾರ ಡೋಸನ್ನು ಕಾಲು ಭಾಗ ಇಳಿಸಿ ಎರಡನೇ ಕೋರ್ಸು ಶುರುವಾಯಿತು.

ಮಂಗಳವಾರ ಬೆಳಿಗ್ಗೆ ಸೋಮವಾರದ ರಕ್ತವನ್ನು ಕೈಗೆತ್ತಿಕೊಂಡೆ. ಮತ್ತೆ ಎರಡು ಫಿಲ್ಟರು, ಎರಡು ಅಳತೆ. ಈ ಸಲ ಒಂದು ಏಳು, ಒಂದು ಹದಿನೇಳು. ಒಬ್ಬನೇ ಮನುಷ್ಯ, ಒಂದೇ ಸಿರಿಂಜಿನ ರಕ್ತ. ಇದನ್ನು ಯಾವ ಆಲ್ಬುಮಿನ್ ಬಂದು ವಿವರಿಸೀತು? ಹದಿನೇಳು ಬಂದ ಕೊಳವೆಯನ್ನು ಬೆಳಕಿಗೆ ಹಿಡಿದು ಅಲುಗಾಡಿಸಿದೆ. ಸಣ್ಣ ನೊರೆ ಎದ್ದಿತು. ನೊರೆ ಇಳಿಯಲೇ ಇಲ್ಲ. ಬರಿಯ ನೀರು, ಉಪ್ಪು, ಔಷಧ ಇದ್ದರೆ ನೊರೆ ನಿಲ್ಲುವುದಿಲ್ಲ. ಪ್ರೋಟೀನು ಇದ್ದರೆ ನಿಲ್ಲುತ್ತದೆ.

ಬಣ್ಣದ ದ್ರಾವಣದ ಬಾಟಲಿ ಹುಡುಕಿ ತಂದು ಒಂದು ಹನಿ ಹಾಕಿದೆ. ಕಣ್ಣೆದುರಿಗೇ ನೀಲಿಯಾಯಿತು. ಶುಕ್ರವಾರದ ಎರಡೂ ಕೊಳವೆಗಳಲ್ಲಿ ಉಳಿದಿದ್ದ ಹನಿಗಳಿಗೆ ಹಾಕಿದೆ. ಅವೂ ನೀಲಿ. ಪೊರೆ ಸೋರಿ ಆಲ್ಬುಮಿನ್ ಕೆಳಗಿಳಿದಿದೆ, ತನಗೆ ಅಂಟಿದ ಔಷಧವನ್ನೂ ಕರೆದುಕೊಂಡು. ಸೀಟು ಸಮೇತ ಇಳಿದವರನ್ನೆಲ್ಲ ನಾನು ನಿಂತವರ ಲೆಕ್ಕಕ್ಕೆ ಸೇರಿಸಿದ್ದೆ.

ಫಿಲ್ಟರಿನ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಹೊಸ ಫಿಲ್ಟರಿನ ಪೊರೆಗೆ ಗ್ಲಿಸರಿನ್ ಸವರಿರುತ್ತಾರೆ, ಓರೆ ಹಿಡಿದರೆ ಮಿನುಗುತ್ತದೆ. ಇವು ಮಿನುಗಲಿಲ್ಲ. ಒಂದೊಂದರಲ್ಲೂ ಕೂದಲೆಳೆಯಂಥ ಗೆರೆಗಳಿದ್ದವು. ಒಮ್ಮೆ ಒದ್ದೆಯಾದ ಪೊರೆ ಒಣಗಿದರೆ ಹೀಗೇ ಬಿರಿಯುತ್ತದೆ. ಯಾರೋ ಬಳಸಿದ್ದನ್ನು ತೊಳೆದು, ಒಣಗಿಸಿ, ಹೊಸದರ ಹಾಗೆ ಸಾಲಾಗಿ ಜೋಡಿಸಿ ಇಟ್ಟಿದ್ದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ ಎಂದು ಮನೆಯಲ್ಲೂ ಲ್ಯಾಬಿನಲ್ಲೂ ಹೇಳುತ್ತಾರೆ. ಆ ಹೊತ್ತು ಅದು ಮೂಗು ಬಿಟ್ಟು ಬಾಯಿಗೆ ಬಂತು.

"ಬಾಯಮ್ಮಾ!"

ಬಾಯಮ್ಮ ಎಂದರೆ ನಮ್ಮ ಲ್ಯಾಬಿನ ಸಹಾಯಕಿ. ಶಿರ್ವದ ಕೊಂಕಣಿ ಕ್ರೈಸ್ತ ಮನೆಯವರು, ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಗಾಜಿನ ಪಾತ್ರೆ ತೊಳೆಯುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಖಾಲಿ ಬಾಟಲಿ, ರಬ್ಬರ್ ಬ್ಯಾಂಡು, ಪಾರ್ಸೆಲಿನ ಥರ್ಮೋಕೋಲು, ಏನನ್ನೂ ಎಸೆಯಲು ಅವರಿಗೆ ಮನಸ್ಸು ಬರುವುದಿಲ್ಲ. ಇದಕ್ಕೆ ನಾವೆಲ್ಲ ಅವರನ್ನು ತಮಾಷೆ ಮಾಡುವುದು, ಬೇಕಾದಾಗ ಅವರ ಕಪಾಟಿನಿಂದಲೇ ತೆಗೆದುಕೊಳ್ಳುವುದು ನಡೆದೇ ಇತ್ತು.

"ಇದನ್ನು ತೊಳೆದದ್ದು ಯಾರು?"

"ನಾನೇ ಮೇಡಂ."

"ಯಾರು ಹೇಳಿದ್ದು ನಿಮಗೆ ತೊಳೆಯಲಿಕ್ಕೆ? ಒಬ್ಬ ಮನುಷ್ಯನ ಜೀವದ ಪ್ರಶ್ನೆ ಗೊತ್ತುಂಟಾ? ಎಸೆಯುವುದನ್ನು ಎಸೆಯಬೇಕು ಅಂತ ಇಷ್ಟು ವರ್ಷದಲ್ಲಿ ಗೊತ್ತಾಗಲಿಲ್ವಾ ನಿಮಗೆ?"

ಅವರು ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ನೀವೇ ಹೇಳಿದ್ದು ಮೇಡಂ. ಹೋದ ವರ್ಷ ಹೊಸ ಡಬ್ಬಿ ಬರುವುದು ತಡ ಆಯ್ತಲ್ವಾ, ಆಗ. ಎಸಿಬೇಡಿ ಬಾಯಮ್ಮ, ಚಂದ ಮಾಡಿ ತೊಳೆದು ಡಬ್ಬಿಯಲ್ಲಿ ಇಡಿ, ಮಕ್ಕಳಿಗೆ ಕಲಿಲಿಕ್ಕೆ ಆಗ್ತದೆ ಅಂತ. ಬೇಡ ಅಂತ ಆಮೇಲೆ ಯಾರೂ ಹೇಳ್ಲಿಲ್ಲ," ಎಂದರು.

ನೆನಪಾಯಿತು. ಪ್ರಾಜೆಕ್ಟಿನ ಮಂಜೂರಾತಿ ತಡವಾಗಿದ್ದ ಆ ತಿಂಗಳುಗಳಲ್ಲಿ, ವಿದ್ಯಾರ್ಥಿಗಳು ಉಪ್ಪುನೀರು ಹಾಕಿ ಅಭ್ಯಾಸ ಮಾಡಲಿ ಎಂದು ನಾನೇ ಹೇಳಿದ್ದೆ. ಹೊಸ ಡಬ್ಬಿ ಬಂದ ದಿನ ಅದನ್ನು ನಿಲ್ಲಿಸಲು ಹೇಳಬೇಕಾದವಳೂ ನಾನೇ. ಬಾಯಮ್ಮ ಹೇಳಿದ ಕೆಲಸವನ್ನು ಒಂದು ದಿನ ತಪ್ಪದೆ ಮಾಡುತ್ತ ಹೋಗಿದ್ದರು. ತೊಳೆದವುಗಳಿಗೆ ಬೇರೆ ಗುರುತು ಹಾಕಲು ನಾನು ಹೇಳಿರಲಿಲ್ಲ. ಶುಕ್ರವಾರ ಹೊಸ ಡಬ್ಬಿಯ ಫಿಲ್ಟರುಗಳು, ಉತ್ತರ ಮೊದಲೇ ಗೊತ್ತಿರುವ ಪರೀಕ್ಷಾ ಮಾದರಿಗಳಿಗೆ ಮುಗಿದು, ಪಕ್ಕದ ಡಬ್ಬಿಗೆ ಕೈ ಹಾಕಿದ್ದೆ. ಪರೀಕ್ಷಾ ಮಾದರಿಗಳು ಹೊಸ ಫಿಲ್ಟರಿನಲ್ಲಿ ಸರಿಯಾಗಿ ಬಂದಿದ್ದರಿಂದ ಇಡೀ ದಿನದ ಕೆಲಸ ಸರಿಯಾಗಿದೆ ಎಂದು ತಿಳಿದಿದ್ದೆ. ಮಂಗಳವಾರವೂ ಅದೇ ಡಬ್ಬಿ.

"ತಪ್ಪು ನಂದು ಬಾಯಮ್ಮ," ಎಂದೆ. ಅವರು ಶಿಲುಬೆಯ ಗುರುತು ಮಾಡಿಕೊಂಡು, "ಆ ಜನಕ್ಕೆ ಎಂತ ಆಗ್ತದೆ ಈಗ?" ಎಂದು ಕೇಳಿದರು. ಅವರಿಗೆ ತಮ್ಮ ಮೇಲೆ ನಾನು ಕೂಗಾಡಿದ್ದಕ್ಕಿಂತ ಅದೇ ದೊಡ್ಡದಾಗಿತ್ತು.

ನನಗೆ ಗೊತ್ತಿರಲಿಲ್ಲ. ಮೊದಲ ಕೋರ್ಸಿನ ಪ್ಲಾಸ್ಮಾ ಎರಡು ಫಿಲ್ಟರಿಗೆ ಆಗುವಷ್ಟೇ ಉಳಿದಿತ್ತು. ಸ್ಟೋರಿನಿಂದ ಸೀಲು ಒಡೆಯದ ಡಬ್ಬಿ ತರಿಸಿದೆ. ಒಂದೊಂದು ಪೊರೆಯನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನಮ್ಮ ಹಳೆಯ ಸೆಂಟ್ರಿಫ್ಯೂಜು ಬೆಚ್ಚಗಾಗಲು ಒಂದು ಗಂಟೆ ಬೇಕು. ಅಳೆಯುವ ಯಂತ್ರದಲ್ಲಿ ಬೇರೊಬ್ಬರ ಮಾದರಿಗಳು ಓಡುತ್ತಿದ್ದವು, ನಾಲ್ಕು ಗಂಟೆಯವರೆಗೆ ಬಿಡುವಿಲ್ಲ. ಅಷ್ಟು ಹೊತ್ತು ನಾನು ಕೂತಲ್ಲಿ ಕೂರಲಿಲ್ಲ. ಬಾಯಮ್ಮ ಊಟದ ಡಬ್ಬಿ ತಂದು ಪಕ್ಕದಲ್ಲಿಟ್ಟು ಹೋದರು, ಹಾಗೇ ವಾಪಸು ಕೊಂಡುಹೋದರು.

ಸಂಜೆ ಆರಕ್ಕೆ ನಂಬರು ಬಂತು. ಮೊದಲ ಕೋರ್ಸಿನ ಎರಡು ಅಳತೆ, ಏಳು ಮತ್ತು ಏಳು ಚಿಲ್ಲರೆ. ಸೋಮವಾರದ ರಕ್ತದ್ದೂ ಏಳರ ಆಸುಪಾಸು. ಬಣ್ಣ ಕಂದಾಗಿಯೇ ಉಳಿಯಿತು. ಬಿಡಿ ಪಾಲು ಸ್ವಲ್ಪ ಹೆಚ್ಚಿತ್ತು, ಆದರೆ ಡೋಸು ಇಳಿಸುವಷ್ಟು ಹೆಚ್ಚಿರಲಿಲ್ಲ. ಗುಣವಾಗಬಹುದಾದ ಮನುಷ್ಯನಿಗೆ ಎರಡು ದಿನ ಕಡಿಮೆ ಔಷಧ ಹೋಗಿತ್ತು, ನನ್ನ ಸಹಿ ಇರುವ ಒಂದು ಹಾಳೆಯ ಮೇಲೆ ನಂಬಿಕೆಯಿಟ್ಟು.

ಊರಿಗೆ ಹೋಗಿದ್ದ ಲ್ಯಾಬಿನ ಮುಖ್ಯಸ್ಥರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಬಯ್ಯಲಿಲ್ಲ. ಅವರು ಬಯ್ಯುವ ಜನವಲ್ಲ, ಯೋಚಿಸುವ ಜನ.

"ಅವಸರ ಮಾಡಬೇಡಿ," ಎಂದರು. "ಒಮ್ಮೆ ತಪ್ಪು ನಂಬರು ಕೊಟ್ಟಿದ್ದೀರಿ. ನಾಳೆ ಇನ್ನೊಂದು ಕೊಟ್ಟು, ಅದೂ ತಪ್ಪಾದ್ರೆ? ಸೋಮವಾರದ ರಕ್ತವನ್ನು ಡಯಾಲಿಸಿಸ್ ವಿಧಾನದಲ್ಲಿ ಇನ್ನೊಮ್ಮೆ ಮಾಡಿ, ಅದಕ್ಕೆ ಈ ಫಿಲ್ಟರು ಬೇಡ. ಗುರುವಾರ ಸಂಜೆ ಗೊತ್ತಾಗ್ತದೆ. ಆಮೇಲೆ ಲಿಖಿತವಾಗಿ ಕೊಡುವ."

ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಎರಡು ಬೇರೆ ಬೇರೆ ವಿಧಾನ ಒಂದೇ ಉತ್ತರ ಕೊಟ್ಟರೆ ಮಾತ್ರ ನಂಬಬೇಕು ಎಂದು ನನಗೆ ಕಲಿಸಿದವರೇ ಅವರು. ಆದರೆ ಗುರುವಾರ ಸಂಜೆಯ ಹೊತ್ತಿಗೆ ಐದರಲ್ಲಿ ನಾಲ್ಕು ದಿನ ಮುಗಿದಿರುತ್ತದೆ. ಕಾರ್ಕಳದ ಬಸ್ಸಿನಲ್ಲಿ ಪರ್ಕಳ, ಹಿರಿಯಡ್ಕ ದಾಟುವವರೆಗೂ ಇದನ್ನೇ ತಿರುಗಿಸಿ ಮುರುಗಿಸಿ ನೋಡಿದೆ. ಬೈಲೂರಿನ ಹತ್ತಿರ ಬರುವಾಗ ನನ್ನ ಮನಸ್ಸಿಗೆ ಒಂದು ವಿಷಯ ಸ್ಪಷ್ಟವಾಯಿತು. ಹೊಸ ನಂಬರು ನಿಜವೋ ಎಂದು ನನಗೆ ಇನ್ನೂ ಖಾತ್ರಿಯಿಲ್ಲ, ಆದರೆ ಹಳೆಯದು ಸುಳ್ಳು ಎಂದು ಪೂರ್ತಿ ಖಾತ್ರಿಯಿದೆ. ಸುಳ್ಳೆಂದು ಗೊತ್ತಿರುವುದನ್ನು ಹೇಳಲು ಗುರುವಾರದವರೆಗೆ ಕಾಯಬೇಕಾಗಿಲ್ಲ. ಮುಖ್ಯಸ್ಥರಿಗೆ ಹಾಗೆಂದು ಮೆಸೇಜು ಹಾಕಿದೆ. "ಸರಿ, ನಿಮ್ಮ ಹೊಣೆ," ಎಂದು ಉತ್ತರ ಬಂತು.

ಬುಧವಾರ ಮಣಿಪಾಲದಲ್ಲಿ ಇಳಿಯದೆ ನೇರ ಉಡುಪಿಗೆ ಹೋದೆ. ಎಂಟೂವರೆಗೆ ಡಾಕ್ಟರ ಕೋಣೆಯ ಬಾಗಿಲಲ್ಲಿದ್ದೆ. ಹತ್ತಕ್ಕೆ ಮೂರನೇ ದಿನದ ಔಷಧ ಏರುವುದಿತ್ತು. ನಿಂತುಕೊಂಡೇ ಹೇಳಿದೆ. ಫಿಲ್ಟರು, ನೊರೆ, ನೀಲಿ ಬಣ್ಣ, ಹನ್ನೆರಡು ಹದಿನೆಂಟರ ಸರಾಸರಿ ತೆಗೆದದ್ದು, ಎಲ್ಲ. ಬಾಯಮ್ಮನ ಹೆಸರೆತ್ತಲಿಲ್ಲ. ತೊಳೆಯಿರಿ ಎಂದವಳು ನಾನು ಎಂದೆ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಎರಡು ಅಳತೆ ಅಷ್ಟು ದೂರ ಇದ್ದದ್ದು ನಿಮಗೆ ಶನಿವಾರವೇ ಗೊತ್ತಿತ್ತು."

"ಹೌದು ಸರ್."

"ನನಗೆ ಹೇಳಲಿಲ್ಲ. ಹದಿನೈದು ಅಂತ ಒಂದೇ ನಂಬರು ಬರೆದ್ರಿ."

"ಹೌದು ಸರ್."

ಇನ್ನೇನಾದರೂ ಹೇಳುತ್ತಾರೆ ಎಂದು ಕಾದೆ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಕೇಸ್ ಶೀಟು ತೆರೆದು, ಹಳೆಯ ಆದೇಶದ ಮೇಲೆ ಗೆರೆ ಎಳೆದು, ಪೂರ್ತಿ ಡೋಸು ಬರೆದರು. ಬಿಳಿ ಕಣ ಏರಿಸುವ ಇಂಜೆಕ್ಷನ್ನನ್ನೂ ಕೋರ್ಸು ಮುಗಿದ ಮೇಲೆ ಕೊಡುವಂತೆ ಬರೆದರು. "ನಡೀರಿ," ಎಂದರು.

ವಾರ್ಡಿನಲ್ಲಿ ಕಂಡಕ್ಟರು ಕೂತಿದ್ದರು. ತಲೆ ಬೋಳಾಗಿತ್ತು. ಪಕ್ಕದಲ್ಲಿ ಅವರ ತಾಯಿ, ಕಾಪುವಿನಲ್ಲಿ ಮನೆಮನೆಗೆ ಮೀನು ಮಾರುವವರು, ಮಡಿಲಲ್ಲಿ ಗಂಜಿಯ ಕ್ಯಾರಿಯರು ಇಟ್ಟುಕೊಂಡಿದ್ದರು. "ಲ್ಯಾಬಿನ ಲೆಕ್ಕದಲ್ಲಿ ಒಂದು ವ್ಯತ್ಯಾಸ ಆಗಿತ್ತು, ಇವತ್ತಿನಿಂದ ಪೂರ್ತಿ ಡೋಸು ಕೊಡ್ತೇವೆ," ಎಂದರು ಡಾಕ್ಟರು. ತಾಯಿ ತಲೆಯಾಡಿಸಿದರು. ಕಂಡಕ್ಟರು ನನ್ನ ಕಡೆ ನೋಡಿ, "ನಿಂತವರ ಲೆಕ್ಕ ತಪ್ಪಿತಾ ಮೇಡಂ?" ಎಂದು ನಕ್ಕರು. ನಾನೂ ನಕ್ಕೆ. ಆ ತಾಯಿಯ ಎದುರು ನಿಜ ಹೇಳಲು ನನಗೆ ಬಾಯಿ ಬರಲಿಲ್ಲ.

ಗುರುವಾರ ಡಯಾಲಿಸಿಸ್ ಫಲಿತಾಂಶವೂ ಏಳೇ ಬಂತು. ಲಿಖಿತ ವರದಿ, ನೈತಿಕ ಸಮಿತಿಗೆ ಪತ್ರ, ಆ ಡಬ್ಬಿಯಿಂದ ಹಿಂದೆ ಯಾರಿಗಾದರೂ ಅಳತೆ ಮಾಡಿದ್ದೇವೆಯೇ ಎಂದು ಎಲ್ಲರ ದಾಖಲೆ ತಿರುವಿ ಹಾಕುವುದು, ಹೀಗೆ ಒಂದು ವಾರ ಹೋಯಿತು. ಬೇರೆ ಯಾರಿಗೂ ಆಗಿರಲಿಲ್ಲ. ಕೆಲಸ ಮುಗಿದರೂ ಆ ನಗು ನನ್ನನ್ನು ಬಿಡಲಿಲ್ಲ. ವ್ಯತ್ಯಾಸ ಎಂಬ ಮೆದು ಮಾತಿನ ಹಿಂದೆ ನಾನು ಅಡಗಿ ಕೂತಿದ್ದೆ. ಅವರ ಬಳಿ ಹೋಗಿ ಹೇಳಲೇ ಎಂದು ಡಾಕ್ಟರನ್ನು ಕೇಳಿದೆ.

"ಹೋಗಿ. ಆದರೆ ಸಮಾಧಾನ ಹೇಳಲಿಕ್ಕೆ ಹೋಗಬೇಡಿ. ನಿಮಗೆ ಸಮಾಧಾನ ಆಗಲಿ ಅಂತಲೂ ಹೋಗಬೇಡಿ. ಆದದ್ದು ಆದ ಹಾಗೆ ಹೇಳಿ ಬನ್ನಿ," ಎಂದರು.

ಭಾನುವಾರ ಕಾಪುವಿಗೆ ಹೋದೆ. ಸಮುದ್ರದ ದಾರಿಯಲ್ಲಿ, ಲೈಟ್‌ಹೌಸಿನ ತುದಿ ಕಾಣುವಷ್ಟು ಹತ್ತಿರದಲ್ಲಿ ಅವರ ಹೆಂಚಿನ ಮನೆ. ಕಂಡಕ್ಟರು ಜಗಲಿಯಲ್ಲಿ ಮುಖಕ್ಕೆ ಮಾಸ್ಕ್ ಹಾಕಿಕೊಂಡು ಕೂತಿದ್ದರು. ಈ ಸಲ ಜ್ವರ ಬಂದಿರಲಿಲ್ಲ. ತಾಯಿ ಎಳನೀರಿನ ಬೊಂಡ ಕೆತ್ತಿ ಕೊಟ್ಟರು. "ಇವನಿಗೆ ಮೀನು ಕೊಡಬಹುದಾ ಮೇಡಂ? ನಂಜು ಅಂತ ಎಲ್ಲರೂ ಹೇಳ್ತಾರೆ, ಒಂದು ತಿಂಗಳಿಂದ ಗಂಜಿಯಲ್ಲೇ ಇದ್ದಾನೆ," ಎಂದು ಕೇಳಿದರು. ಚೆನ್ನಾಗಿ ಬೇಯಿಸಿದ ಮೀನು ಕೊಡಲೇಬೇಕು, ಡಾಕ್ಟರನ್ನೂ ಒಮ್ಮೆ ಕೇಳಿಕೊಳ್ಳಿ ಎಂದೆ. ಅವರು ಸಂತೋಷದಿಂದ ಒಳಗೆ ಹೋದರು.

ಆಮೇಲೆ ಹೇಳಿದೆ. ಎರಡು ಅಳತೆ ಬೇರೆ ಬೇರೆ ಬಂದದ್ದು, ಮತ್ತೆ ಮಾಡದೆ ಬಿಟ್ಟದ್ದು, ಸೋರುತ್ತದೆಯೇ ಎಂದು ನೋಡುವ ಪರೀಕ್ಷೆಯನ್ನು ತಿಂಗಳುಗಳಿಂದ ಮಾಡದೇ ಇದ್ದದ್ದು. ನಿಮಗೆ ಎರಡು ದಿನ ಔಷಧ ಕಡಿಮೆ ಹೋಗಿದೆ, ಅದು ನನ್ನಿಂದ, ಮುಂದೆ ಅದರಿಂದ ಏನಾದೀತು ಎಂದು ಯಾರಿಗೂ ಹೇಳಲು ಬರುವುದಿಲ್ಲ ಎಂದೆ. ಕ್ಷಮಿಸಿ ಎಂಬ ಮಾತು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅದನ್ನು ಹೇಳಿದರೆ ಅವರು ಪರವಾಗಿಲ್ಲ ಎನ್ನಬೇಕಾಗುತ್ತಿತ್ತು.

ಅವರು ರಸ್ತೆಯ ಕಡೆ ತಿರುಗಿದರು.

"ಯಾಕೆ ನೋಡಲಿಲ್ಲ ಆ ಬಣ್ಣ?" ಎಂದರು.

"ಯಾವತ್ತೂ ನೀಲಿ ಆಗ್ತಿರಲಿಲ್ಲ. ಹಾಗೆ ನೋಡುವುದೇ ಬಿಟ್ಟುಹೋಯ್ತು."

"ಹ್ಞಾ."

ಆಮೇಲೆ ಅವರೇ ಮಾತು ತೆಗೆದರು. "ಐದು ವರ್ಷ ಆಯ್ತು ಮೇಡಂ. ಬೇರೆ ಬಸ್ಸಿನಲ್ಲಿದ್ದೆ. ಒಂದು ಸ್ಟಾಪಿನಲ್ಲಿ ಅಜ್ಜಿ ಒಬ್ಬರು ಇಳೀತಿದ್ರು. ದಿನಾ ಇಳಿಯುವವರು. ನಾನು ಎದುರಿನಲ್ಲಿ ಟಿಕೆಟ್ ಹರೀತಾ, ಹಿಂದೆ ನೋಡದೆ ವಿಸಿಲ್ ಹಾಕಿದೆ. ದಿನಾ ಹಾಗೆಯೇ ಹಾಕುವುದು. ಅವರ ಒಂದು ಕಾಲು ಇನ್ನೂ ಮೆಟ್ಟಿಲ ಮೇಲೆ ಇತ್ತು."

ಅವರು ಮಾಸ್ಕನ್ನು ಸರಿಮಾಡಿಕೊಂಡರು.

"ಸೊಂಟದ ಎಲುಬು ಹೋಯ್ತು. ಮತ್ತೆ ಅವರು ನಡೀಲಿಲ್ಲ ಅಂತ ಜನ ಹೇಳಿದ್ರು. ನನಗೆ ಅವರ ಮನೆ ಗೊತ್ತುಂಟು. ಆ ಸ್ಟಾಪಿನಿಂದ ಕಾಣ್ತದೆ. ನಾನು ಹೋಗ್ಲಿಲ್ಲ ಮೇಡಂ. ಬಸ್ಸು ಬದಲಿಸಿ ನಿಮ್ಮ ಲೈನಿಗೆ ಬಂದೆ." ಮಾಸ್ಕಿನ ಮೇಲೆ ಅವರ ಕಣ್ಣು ಒದ್ದೆಯಾಗಿತ್ತು. "ನೀವು ಬಂದ್ರಿ."

ಅದು ಕ್ಷಮೆಯಾಗಿರಲಿಲ್ಲ. ನಾನೂ ಹಾಗೆಂದು ತಿಳಿಯಲಿಲ್ಲ. ಇಬ್ಬರೂ ರಸ್ತೆ ನೋಡುತ್ತ ಕೂತೆವು. ತಾಯಿ ಒಳಗಿನಿಂದ, ಬಂಗುಡೆ ಮೀನು ತರುತ್ತೇನೆ, ಊಟ ಮಾಡಿಕೊಂಡೇ ಹೋಗಬೇಕು ಎಂದು ಕೂಗಿ ಹೇಳಿದರು.

ಉಳಿದ ಎರಡು ಕೋರ್ಸು ಪೂರ್ತಿ ಡೋಸಿನಲ್ಲಿ ಮುಗಿದವು. ರಕ್ತದಲ್ಲಿದ್ದ ಗಡ್ಡೆಯ ಸೂಚಕಗಳು ಇಳಿದವು. ಸ್ಕ್ಯಾನ್ ನೋಡಿ ಡಾಕ್ಟರು ನನಗೆ ಫೋನ್ ಮಾಡಿದರು. ಆಗಲೂ ನಮಸ್ಕಾರ ಇಲ್ಲ. "ಸದ್ಯಕ್ಕೆ ಏನೂ ಕಾಣುವುದಿಲ್ಲ," ಎಂದಷ್ಟೇ ಹೇಳಿದರು. ಸದ್ಯಕ್ಕೆ ಎಂಬ ಮಾತು ನನ್ನೊಂದಿಗೆ ಉಳಿದಿದೆ. ಕೆಲವು ವರ್ಷ ಉಳಿಯುತ್ತದೆ.

ಲ್ಯಾಬಿನಲ್ಲಿ ಈಗ ಫಿಲ್ಟರು ಬಳಸಿದ ಕೂಡಲೇ ಪೊರೆಗೆ ಸೂಜಿ ಚುಚ್ಚಿ ಎಸೆಯುತ್ತೇವೆ. ಚುಚ್ಚುವುದು ಬಾಯಮ್ಮ. ಮೊದಲ ಕೆಲವು ದಿನ ಅವರಿಗೆ ಕೈ ಬರುತ್ತಿರಲಿಲ್ಲ, ಅಯ್ಯೋ ಎನ್ನುತ್ತಲೇ ಚುಚ್ಚುತ್ತಿದ್ದರು. ಬಣ್ಣದ ದ್ರಾವಣವನ್ನು ಪ್ರತಿ ಹನಿಗೂ ಹಾಕುತ್ತೇವೆ. ಅದು ಪ್ರತಿ ಸಲ ಕಂದಾಗಿಯೇ ಉಳಿಯುತ್ತದೆ, ನಾವು ಪ್ರತಿ ಸಲ ನೋಡುತ್ತೇವೆ.

ಕೂದಲು ಬಂದ ಮೇಲೆ ಕಂಡಕ್ಟರು ಏಳೂಕಾಲರ ಬಸ್ಸಿಗೆ ಮರಳಿದರು. ನಮ್ಮ ನಡುವೆ ಹೆಚ್ಚು ಮಾತಿಲ್ಲ. ಒಂದು ದಿನ ಟಿಕೆಟ್ ಕೊಡುವಾಗ ಬಗ್ಗಿ, "ಆ ಅಜ್ಜಿಯ ಮನೆಗೆ ಹೋಗಿ ಬಂದೆ," ಎಂದರು. "ಇದ್ದಾರೆ. ಕೂತಲ್ಲೇ ಇದ್ದಾರೆ." ಅಷ್ಟು ಹೇಳಿ ಹಿಂದಿನ ಸೀಟಿಗೆ ಹೋದರು.

ಮಣಿಪಾಲ ಬಂತು. ನಾನು ಇಳಿದೆ. ಹಿಂದೆ ಬಂದ ಬಸ್ಸು ಹಾರ್ನ್ ಹಾಕುತ್ತಿತ್ತು, ಡ್ರೈವರು ಅವಸರದಲ್ಲಿದ್ದ. ಕಂಡಕ್ಟರು ಬಾಗಿಲಲ್ಲಿ ನಿಂತು ವಿಸಿಲನ್ನು ತುಟಿಯ ಹತ್ತಿರ ಹಿಡಿದುಕೊಂಡು ಕೆಳಗೆ ನೋಡುತ್ತಿದ್ದರು. ನನ್ನ ಎರಡೂ ಕಾಲು ನೆಲಕ್ಕೆ ತಾಗಿದ್ದನ್ನು ನೋಡಿದ ಮೇಲೆ ವಿಸಿಲ್ ಹಾಕಿದರು.